ಗೆರೆಯ ಮೇಲೆ ಮುಖ, ಗೆರೆಯ ಕೆಳಗೆ ಮಾತು

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಕಾರ್ಖಾನೆಯವರು ಕಟ್ಟಿಕೊಂಡಿದ್ದ ನಾಟಕದ ತಂಡದಲ್ಲಿ ನಾನು ಪ್ರಾಂಪ್ಟರ್. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ನೆನಪಿಸುವವನು. ನಲವತ್ತೈದು ದಾಟಿದ ಮೇಲೆ ಈ ಕೆಲಸ ಕಷ್ಟವಾಯಿತು. ಓದುವ ಕನ್ನಡಕ ಹಾಕಿಕೊಂಡರೆ ನಟರ ಮುಖವೆಲ್ಲ ಮಂಜು. ದೂರದ ಕನ್ನಡಕ ಹಾಕಿಕೊಂಡರೆ ಕೈಯಲ್ಲಿದ್ದ ಅಕ್ಷರಗಳು ಒಂದೂ ತಿಳಿಯವು. ಹಾಗಾಗಿ ಕಿವಿಯನ್ನೇ ನಂಬಿದ್ದೆ. ಯಾರು ಸುಮ್ಮನಾದರೂ ಮರೆತರೆಂದೇ ನನ್ನ ಲೆಕ್ಕ. ನಾಯಕನ ಪಾತ್ರ ಮಾಡುತ್ತಿದ್ದ ಲೇತ್ ವಿಭಾಗದ ಹುಡುಗ ಬೇಕೆಂದೇ ಮಾತು ನಿಲ್ಲಿಸಿದಾಗಲೂ ನಾನು ಬಾಯಿ ಹಾಕಿ ಅವನ ಸಿಟ್ಟಿಗೆ ಗುರಿಯಾಗುತ್ತಿದ್ದೆ.

ನಾಟಕ ಹತ್ತಿರ ಬಂದಾಗ ಚಿಕ್ಕಪೇಟೆಯ ಅಂಗಡಿಯಿಂದ ಬೈಫೋಕಲ್ ಕನ್ನಡಕ ತಂದೆ. ಒಂದೇ ಗಾಜಿನಲ್ಲಿ ಮೇಲೆ ದೂರದ್ದು, ಕೆಳಗೆ ಹತ್ತಿರದ್ದು, ನಡುವೆ ಸಣ್ಣ ಗೆರೆ. ಹುರುಪಿನಲ್ಲಿ ಅಲ್ಲೇ ಹಾಕಿಕೊಂಡು ಹೊರಟವನಿಗೆ ಬಸ್ಸಿಳಿಯುವಾಗ ಮೆಟ್ಟಿಲು ಎದ್ದುಬಂದಂತಾಯಿತು. ಕಂಡಕ್ಟರನ ಹೆಗಲು ಹಿಡಿಯದಿದ್ದರೆ ಬೀಳುತ್ತಿದ್ದೆ. ಮನೆಯಲ್ಲಿ ಹೆಂಡತಿಯ ಹಣೆ ಒಂದು ಕಡೆ, ಗಲ್ಲ ಇನ್ನೊಂದು ಕಡೆ ಕಂಡಿತು. ಹೇಳಿದ್ದಕ್ಕೆ ಅವಳು ನಕ್ಕಳು. ಆಮೇಲೆ ಹತ್ತಿರ ಬಂದು ನನ್ನನ್ನೇ ದಿಟ್ಟಿಸಿದಳು.

"ಗೆರೆ ನಿಮ್ಮ ಕಣ್ಣುಗುಡ್ಡೆ ಮೇಲೇ ಇದೆ ಕಣ್ರೀ. ಇನ್ನೂ ಕೆಳಗೆ ಬರ್ಬೇಕಲ್ವಾ?"

ಮರುದಿನ ಅವಳೇ ನನ್ನ ಜೊತೆ ಅಂಗಡಿಗೆ ಬಂದಳು. ಅಂಗಡಿಯವರು ನನ್ನೆದುರು ಕೂತು, ಮೂಗಿನ ಮೇಲೆ ಕೂರುವ ಪುಟ್ಟ ಬಿಲ್ಲೆಗಳನ್ನು ಕೊಂಚ ಅಗಲಿಸಿ, ಕಿವಿಯ ಕಡ್ಡಿಗಳನ್ನು ಬಿಸಿ ಮಾಡಿ ಬಗ್ಗಿಸಿದರು. ಗೆರೆ ಕೆಳರೆಪ್ಪೆಯ ಮಟ್ಟಕ್ಕೆ ಇಳಿಯಿತು. ಓದುವಾಗ ಕಣ್ಣನ್ನಷ್ಟೇ ಇಳಿಸಿ, ಮೆಟ್ಟಿಲಿಳಿಯುವಾಗ ತಲೆಯನ್ನೇ ಬಗ್ಗಿಸಿ ಎಂದರು. ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ರಾಶಿ ಹಾಕಿದ್ದ ಕಲ್ಲುಗಳ ಮೇಲೆ ಬೆಳಿಗ್ಗೆ ಸಂಜೆ ಹತ್ತಿ ಇಳಿದು ಅದನ್ನು ರೂಢಿ ಮಾಡಿಕೊಂಡೆ.

ನಾಟಕದ ಸಂಜೆ ಮೈದಾನದ ಪೆಂಡಾಲು ತುಂಬಿತ್ತು. ಅಪ್ಪ ಮಗನನ್ನು ಮನೆಯಿಂದ ಹೊರಗೆ ಹಾಕುವ ದೃಶ್ಯ. ಮಗನ ಪಾತ್ರದಲ್ಲಿದ್ದ ಅದೇ ಲೇತ್ ವಿಭಾಗದ ಹುಡುಗ ಮಾತಿನ ನಡುವೆ ನಿಂತುಬಿಟ್ಟ. ಕಣ್ಣಿಳಿಸಿದೆ, ಮುಂದಿನ ಸಾಲು ಬೆರಳ ತುದಿಯಲ್ಲೇ ಇತ್ತು. ಕಣ್ಣೆತ್ತಿದೆ, ಅವನ ಮುಖ ನಿಚ್ಚಳವಾಗಿ ಕಂಡಿತು. ಕಣ್ಣು ತುಂಬಿತ್ತು, ದವಡೆ ಬಿಗಿದಿತ್ತು. ಮರೆತಿರಲಿಲ್ಲ ಅವನು. ತುಟಿ ಕಚ್ಚಿ ಸುಮ್ಮನಿದ್ದೆ. ಪೆಂಡಾಲೆಲ್ಲ ಉಸಿರು ಹಿಡಿದು ಕಾಯಿತು. ಅವನು ಬಾಯಿ ತೆರೆದಾಗ ಬಿದ್ದ ಚಪ್ಪಾಳೆಗೆ ನನ್ನ ಮೈಯೆಲ್ಲ ಜುಮ್ಮೆಂದಿತು.

ಮುಂದಿನ ದೃಶ್ಯದಲ್ಲಿ ಮತ್ತೆ ನಿಂತ. ಈ ಸಲ ಅವನ ನೋಟ ನನ್ನ ಕಡೆ ಓಡಿಬಂತು. ಮೊದಲ ಪದ ಕೊಟ್ಟೆ. ಆಗತಾನೇ ಹೊಳೆದ ಮಾತೆಂಬಂತೆ ಅದನ್ನು ಎತ್ತಿಕೊಂಡ.

ಪರದೆ ಬಿದ್ದ ಮೇಲೆ ಬಣ್ಣ ತೊಳೆಯದೆ ನನ್ನ ಬಳಿ ಬಂದ.

"ಅಣ್ಣ, ಇವತ್ತು ನನ್ ಮುಖ ನೋಡ್ತಾ ಇದ್ರಿ ಅಲ್ವಾ?"

ಕನ್ನಡಕ ತೆಗೆದು ತೋರಿಸಿದೆ. ಅವನು ಅದನ್ನು ಹಾಕಿಕೊಂಡು ವೇದಿಕೆಯ ಮೆಟ್ಟಿಲಿಳಿಯಲು ಹೋಗಿ ತೂರಾಡಿ ಅಲ್ಲೇ ಕುಕ್ಕರಿಸಿದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಮನೆಗೆ ಹೋಗುವ ದಾರಿಯುದ್ದಕ್ಕೂ ಯಾರ ಹುಬ್ಬು ಯಾವಾಗ ಏರಿತು, ಯಾರ ತುಟಿ ಎಲ್ಲಿ ನಡುಗಿತು ಎಂದು ಹೆಂಡತಿಗೆ ಹೇಳುತ್ತಲೇ ಇದ್ದೆ. ಮುಂದಿನ ಸಾಲಿನಲ್ಲೇ ಕೂತು ನಾಟಕ ನೋಡಿದ್ದ ಅವಳು ಎಲ್ಲವನ್ನೂ ಹೊಸದೆಂಬಂತೆ ಕೇಳಿಸಿಕೊಂಡಳು.