ನಾನು ಜಾಮೀನು ನಿಂತ ಅಡುಗೆಮನೆ

ಅಕ್ಕಿಗೆ ಬರ ಬಂದ ವರ್ಷ ಅದು. ಮದ್ರಾಸಿನ ರೇಷನ್ ಕ್ಯೂಗಳಲ್ಲಿ ಹೆಂಗಸರು ಜಡೆ ಹಿಡಿದು ಹೊಡೆದಾಡುತ್ತಿದ್ದರು. ನಾನು ಮೈಲಾಪೂರಿನ ಉಡುಪಿ ಹೋಟೆಲೊಂದರಲ್ಲಿ ಸಪ್ಲೈಯರ್. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಶನಿವಾರ ನನ್ನ ರಜೆ. ಆ ಸಂಜೆ ಇಸ್ತ್ರಿ ಅಂಗಿ ತೊಟ್ಟು, ಸಮುದ್ರದ ಎದುರಿನ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಸಾರ್ವಜನಿಕ ಭಾಷಣ ಕೇಳಲು ಹೋಗುತ್ತಿದ್ದೆ. ಅಣುಬಾಂಬು, ಮಲೇರಿಯಾ, ಜನಸಂಖ್ಯೆ, ಏನೇ ಇರಲಿ. ಎಷ್ಟು ಓದಿದ್ದೀಯೆಂದು ಬಾಗಿಲಲ್ಲಿ ಯಾರೂ ಕೇಳುತ್ತಿರಲಿಲ್ಲ.

ಒಂದು ಶನಿವಾರ ಆಹಾರ ವಿಜ್ಞಾನದ ಪ್ರೊಫೆಸರೊಬ್ಬರು ಲೋಕದ ಹಸಿವಿನ ಬಗ್ಗೆ ತಮಿಳಿನಲ್ಲಿ ಮಾತಾಡಿದರು. ಕೊನೆಗೆ, "ದೂರ ಯಾಕೆ? ನಮ್ಮ ಊರಿನ ಹೋಟೆಲುಗಳು ಅನ್ನ ಬಸಿದ ತೆಳಿಯನ್ನು ಮೋರಿಗೆ ಸುರಿಯುತ್ತವೆ. ಅನ್ನದ ಅರ್ಧ ಜೀವಸತ್ವ ಅದರಲ್ಲೇ ಹೋಗುತ್ತದೆ" ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿಯಿತು. ಎದ್ದು ನಿಂತೆ.

"ಸಾರ್, ನಮ್ಮ ಹೋಟೆಲಿನಲ್ಲಿ ಹಾಗಿಲ್ಲ. ತೆಳಿ ಹಿಂದಿನ ಬಾಗಿಲಲ್ಲಿ ಬಡವರಿಗೆ ಹೋಗುತ್ತದೆ. ನಾನು ಜಾಮೀನು."

"ಏಯ್ ಸರ್ವರ್, ರೆಂಡು ಕಾಪಿ!" ಎಂದು ಹಿಂದಿನ ಸಾಲಿನವನೊಬ್ಬ ಕೂಗಿ ನನ್ನ ಅಂಗಿ ಹಿಡಿದೆಳೆದ. ಹೊಲಿಗೆ ಚರ್ರೆಂದಿತು. ತಿರುಗಿ ಕೆನ್ನೆಗೆ ಬಿಟ್ಟೆ. ನಾಲ್ವರು ಮೇಲೆ ಬಿದ್ದರು. ಪ್ರೊಫೆಸರೇ ಕೆಳಗಿಳಿದು ಬಂದು ಬಿಡಿಸಿದರು.

"ಸೋಮವಾರ ಬಂದು ನೋಡುತ್ತೇನೆ. ನೀವು ಹೇಳಿದ್ದು ನಿಜವಾದರೆ ಬರುವ ಶನಿವಾರ ಇಲ್ಲೇ ಕ್ಷಮೆ ಕೇಳುತ್ತೇನೆ" ಎಂದರು.

ನನ್ನಂಥವನಲ್ಲಿ ಪ್ರೊಫೆಸರು ಕ್ಷಮೆ ಕೇಳುವುದು! ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸೋಮವಾರ ಹತ್ತೂವರೆಗೆ, ಅನ್ನ ಬಸಿಯುವ ಹೊತ್ತಿಗೆ ಸರಿಯಾಗಿ ಬಂದರು. ಗಲ್ಲಾದಲ್ಲಿದ್ದ ಧಣಿಗಳು ನಗುತ್ತ ಒಳಗೆ ಬಿಟ್ಟರು. ಅಡುಗೆಮನೆಯ ಹೊಸ್ತಿಲಲ್ಲಿ ಹಿರಿಯ ಅಡುಗೆ ಭಟ್ಟರು ಕಬ್ಬಿಣದ ಸಟ್ಟುಗ ಹಿಡಿದು ಅಡ್ಡ ನಿಂತರು.

"ಎಂತದು ಮಾರಾಯ ಇದು? ಸ್ನಾನ ಮಾಡಿ ಮಡಿ ಉಟ್ಟವರು ಮಾತ್ರ ಒಳಗೆ. ಸಪ್ಲೈಯರಿಗೆ ಕಿಂಡಿಯವರೆಗೆ. ಗೊತ್ತುಂಟಲ್ಲ?"

ಪ್ರೊಫೆಸರು ನನ್ನ ಕಡೆ ತಿರುಗಿದರು. "ಹಾಗಾದರೆ ನೀವು ಒಳಗೆ ನೋಡೇ ಇಲ್ಲವಾ?"

ಹನ್ನೊಂದು ವರ್ಷ ಕಿಂಡಿಯಲ್ಲಿ ಕೈಯೊಡ್ಡಿ ತಟ್ಟೆ ತೆಗೆದುಕೊಂಡವನು ನಾನು. ಅಡುಗೆಯವರ ಜಾತಿಯವನಲ್ಲ. ಸೇರಿದ ಹೊಸದರಲ್ಲಿ ಹಿಂದಿನ ಓಣಿಯಲ್ಲಿ ಮಡಕೆ ಹಿಡಿದ ಸಾಲು ಕಂಡಿದ್ದೆ. ಆ ನೆನಪಿನ ಮೇಲೆ ಜಾಮೀನು ನಿಂತಿದ್ದೆ.

"ಭಟ್ರೇ, ದಾರಿ ಬಿಡಿ" ಎಂದು ಹೊಸ್ತಿಲು ದಾಟಿದೆ.

ಸಟ್ಟುಗ ಹುಬ್ಬಿನ ಮೇಲೆ ಬಿತ್ತು. ರಕ್ತ ಕಣ್ಣಿಗಿಳಿಯಿತು. ನಾನು ಅವರ ಕುತ್ತಿಗೆ ಹಿಡಿದು ಗೋಡೆಗೆ ಅದುಮಿದೆ. ಅವರು ನನ್ನ ಹೊಟ್ಟೆಗೆ ಮೊಣಕಾಲು ಕೊಟ್ಟರು. ಇಬ್ಬರೂ ಉರುಳಿ ಹಂಡೆಗೆ ತಾಗಿದೆವು. ಕುದಿವ ತೆಳಿ ಚೆಲ್ಲಿ ನನ್ನ ಎಡತೋಳು ಬೆಂದಿತು. ಚರ್ಮ ಅಲ್ಲೇ ಬಿಳುಚಿ ಎದ್ದಿತು. ಅದೇ ತೆಳಿ ಕಣ್ಣೆದುರೇ ಮೂಲೆಯ ಮೋರಿಗೆ ಹರಿಯಿತು. ಮೋರಿಯ ಬಾಯಲ್ಲಿ ಹಳೆಯ ಗಂಜಿ ಸುಣ್ಣದ ಹಾಗೆ ದಪ್ಪಗೆ ಕಟ್ಟಿತ್ತು. ಹಿಂದಿನ ಬಾಗಿಲ ಚಿಲಕ ತುಕ್ಕು ಹಿಡಿದಿತ್ತು.

ಭಟ್ಟರು ಏದುಸಿರು ಬಿಡುತ್ತ ನೆಲದಲ್ಲೇ ಕುಳಿತರು. ತುಟಿ ಒಡೆದಿತ್ತು.

"ಮೊದಲು ಕೊಡ್ತಿದ್ದೆ ಮಾರಾಯ. ಒಂದು ದಿನ ಸಾಲಿನವರು ಮಡಕೆಯಲ್ಲೇ ಬಡಿದಾಡಿಕೊಂಡ್ರು. ಒಬ್ಬಳು ಬಸುರಿ ಹೆಂಗಸು ಕಾಲಡಿಗೆ ಬಿದ್ಲು, ಅವಳ ಮೇಲೆಯೇ ತೆಳಿ ಚೆಲ್ಲಿತು. ಅವಳ ಕೂಗು ಈಗಲೂ ಕೇಳ್ತದೆ ನಂಗೆ. ಪೊಲೀಸರು ಬಂದು ನನ್ನ ಬೆನ್ನು ಮುರಿದ್ರು. ಮತ್ತೆ ಆ ಬಾಗಿಲು ತೆಗೀಲಿಲ್ಲ."

ಪ್ರೊಫೆಸರು ತಮ್ಮ ಕರವಸ್ತ್ರವನ್ನು ನನ್ನ ಹುಬ್ಬಿಗೆ ಒತ್ತಿ ಹಿಡಿದು ಮೆಲ್ಲಗೆ ಹೇಳಿದರು: "ಶನಿವಾರ ನೀವು ಬರಬೇಕೆಂದಿಲ್ಲ. ನಾನೂ ಈ ವಿಷಯ ಎತ್ತುವುದಿಲ್ಲ."

ಕರುಣೆ ತೋರಿಸಿದ್ದು ಏಟಿಗಿಂತ ಹೆಚ್ಚು ಉರಿಯಿತು. ಅಂದೇ ಧಣಿಗಳು ನನ್ನ ಹಾಸಿಗೆ ಪೆಟ್ಟಿಗೆ ಬೀದಿಗೆ ಹಾಕಿಸಿದರು. ಭಟ್ಟರನ್ನು ಇಟ್ಟುಕೊಂಡರು.

ಆದರೂ ಶನಿವಾರ ಹೋದೆ. ಹುಬ್ಬಿಗೆ ಐದು ಹೊಲಿಗೆ, ತೋಳಿಗೆ ಪಟ್ಟಿ. ಭಾಷಣ ಮುಗಿದ ಮೇಲೆ ಎದ್ದೆ. ಹಿಂದಿನಿಂದ ಸಿಳ್ಳು ಬಂತು. ಅದು ನಿಲ್ಲುವವರೆಗೆ ಕಾದೆ.

"ಹೋದ ವಾರ ನಾನು ಹೇಳಿದ್ದು ಸುಳ್ಳು. ನಾನು ಒಳಗೆ ಕಾಲಿಟ್ಟೇ ಇರಲಿಲ್ಲ, ನೋಡದೆ ಹೇಳಿದೆ. ತೆಳಿ ಮೋರಿಗೇ ಹೋಗುತ್ತದೆ, ಸಾರ್. ಆದರೆ ಒಂದು ಪ್ರಶ್ನೆ. ಹಂಡೆ ಒಂದು, ಹಸಿದವರು ನೂರು. ಒಬ್ಬರ ಮೇಲೊಬ್ಬರು ಬಿದ್ದು ಸಾಯದ ಹಾಗೆ ಅದನ್ನು ಹಂಚುವುದು ಹೇಗೆ?"

ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅದು ನನಗೆ ಗೊತ್ತಿಲ್ಲ" ಎಂದರು.

ನಾನು ಕುಳಿತೆ. ಇನ್ನೊಬ್ಬ ಎದ್ದು ಬೇರೇನೋ ಕೇಳಿದ.