ತೆಗೆದಿಡ್ರಿ ಅಂದಿದ್ದಳು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು ನಿವೃತ್ತಿ ಆಗಲಿ ಅಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅಂದುಕೊಂಡೆ. ಎರಡೂ ಆಗಿಹೋದವು. ಈಗ ನೆಪ ಉಳಿದಿಲ್ಲ.

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿದ್ದ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ನಾನು ದಫ್ತರ ನೋಡಿಕೊಳ್ಳುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಕುಷ್ಟಗಿ ಕಡೆಯ ಹೊಲಗಳಲ್ಲಿ ಕಂಪನಿ ಬೀಜ ಬೆಳೆಸುತ್ತಿತ್ತು. ರೈತರ ಕರಾರು ಪತ್ರ, ಪರೀಕ್ಷೆಯ ವರದಿ, ಎಲ್ಲ ಕಾಗದವೂ ನನ್ನ ಕಪಾಟಿನಲ್ಲಿ ಇರುತ್ತಿತ್ತು. ಯಾವ ವರ್ಷದ್ದು ಕೇಳಿದರೂ ಚಹಾ ಆರುವುದರೊಳಗೆ ತಂದುಕೊಡುತ್ತಿದ್ದೆ. ಆಮೇಲೆ ಕಾಗದ ನಿಂತು ಎಲ್ಲವೂ ಮೇಲ್‌ನಲ್ಲಿ ಬರತೊಡಗಿತು. ದಫ್ತರದವನು ನಾನೇ ಆದ್ದರಿಂದ ಮೇಲ್ ಕಾಯುವ ಕೆಲಸವೂ ನನಗೇ ಬಂತು. ಹೈದರಾಬಾದಿನ ಹೆಡ್ಡಾಫೀಸಿನಿಂದ ಒಬ್ಬರು ಬಂದು ಎರಡು ದಿನ ಕಲಿಸಿಹೋದರು.

ಮೂರು ತಿಂಗಳು ದಾಟಿದ ಮೇಲ್ ಎಲ್ಲರ ಪೆಟ್ಟಿಗೆಯಿಂದಲೂ ತಾನಾಗಿಯೇ ಅಳಿದುಹೋಗುತ್ತಿತ್ತು. ಉಳಿಯಬೇಕಾದದ್ದಕ್ಕೆ ನಾನು ಗುರುತು ಹಾಕಬೇಕು. ಗುರುತು ಬಿದ್ದದ್ದು ಸಂಗ್ರಹಕ್ಕೆ ಸೇರಿ ಎಂಟು ವರ್ಷ ಇರುತ್ತದೆ. ಅದನ್ನು ಮ್ಯಾನೇಜರರೂ ಅಳಿಸಲಾರರು, ತಿದ್ದಲಾರರು. ಮೇಲ್‌ಗಳಲ್ಲಿ ರೈತರ ಆಧಾರ್ ನಂಬರು, ಫೋನ್ ನಂಬರು ಇರುತ್ತವಾದ್ದರಿಂದ ಯಾರೂ ಅವನ್ನು ಸ್ವಂತ ಫೋನಿಗೆ ಕಳಿಸಿಕೊಳ್ಳಬಾರದು. ಇದಿಷ್ಟು ನಿಯಮ. ಹೀಗೆ ಸಂಗ್ರಹಕ್ಕೆ ಸೇರಿಸುವುದಕ್ಕಿದ್ದ ಆರ್ಕೈವ್ ಎಂಬ ಮಾತು ನಮ್ಮಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಎಲ್ಲರೂ ತೆಗೆದಿಡೋದು ಅಂದರು. ಹೊತ್ತು ಮೀರಿ ಬರುವವರಿಗೆ ಮನೆಯಲ್ಲಿ ರೊಟ್ಟಿ ತೆಗೆದಿಡುವ ಹಾಗೆ.

ಬೀಜ ಪರೀಕ್ಷೆಯ ಕೋಣೆಯಲ್ಲಿ ಒಬ್ಬಾಕೆ ಇದ್ದಳು. ಒದ್ದೆ ಕಾಗದದ ಮೇಲೆ ನೂರು ಕಾಳು ಸಾಲಾಗಿ ಇಟ್ಟು, ಸುತ್ತಿ, ಎಷ್ಟು ಮೊಳೆತವು ಎಂದು ನೋಡುವುದು ಆಕೆಯ ಕೆಲಸ. ನನ್ನನ್ನು ಕಾಕಾರ ಅನ್ನುತ್ತಿದ್ದಳು. ಒಂದು ದಿನ ಕೈ ಒರೆಸಿಕೊಳ್ಳುತ್ತ ನನ್ನ ಬಾಗಿಲಿಗೆ ಬಂದಳು.

“ಕಾಕಾರ, ಸಜ್ಜಿ ಬೀಜದ್ದು ಒಂದು ಲಾಟ್ ಅರ್ಧನೂ ಮೊಳಿತಿಲ್ರಿ. ಕಳಸಬ್ಯಾಡ್ರಿ ಅಂತ ಮ್ಯಾನೇಜರ್ ಸಾಹೇಬ್ರಿಗೆ ಮೇಲ್ ಹಾಕೀನಿ. ಅದನ್ನ ತೆಗೆದಿಡ್ರಿ. ನನ್ನ ಫೋನಿಗೂ ಒಂದು ಕಳಿಸ್ಕೊಳ್ಳಲೇನ್ರಿ?”

“ಹಂಗ ಮಾಡಂಗಿಲ್ಲವ್ವ. ನಾ ಅದೀನಲ್ಲ, ತೆಗೆದಿಡ್ತೀನಿ.”

“ಆತು ಬಿಡ್ರಿ. ನಿಮ್ಮ ಕಪಾಟಿಗೆ ಗೆದ್ದಲ ಸೈತ ನಿಮ್ಮನ್ನ ಕೇಳೇ ಬರ್ತಾವಂತ,” ಎಂದು ನಕ್ಕು ಹೋದಳು.

ಅವತ್ತೇ ಗುರುತು ಹಾಕಲು ಕೂತೆ. ಮೇಲ್‌ಗೆ ಮೊಳೆಯದ ಕಾಳುಗಳ ಫೋಟೊ ಜೋಡಿಸಿದ್ದಳು. ಅದಕ್ಕೇ ಇರಬೇಕು, ಎಂದೂ ಬಾರದ ಒಂದು ಪ್ರಶ್ನೆ ಇಂಗ್ಲಿಷಿನಲ್ಲಿ ಪರದೆಯ ಮೇಲೆ ಬಂತು. ಅರ್ಥವಾಗಲಿಲ್ಲ. ಪಕ್ಕದ ಮೇಜಿನ ಗುಮಾಸ್ತನನ್ನು ಕೇಳಬಹುದಿತ್ತು. ಕೇಳಿದರೆ ನನಗೆ ಬರುವುದಿಲ್ಲ ಎಂದು ಗೊತ್ತಾಗುತ್ತಿತ್ತು. ನಾಳೆ ನೋಡೋಣ ಎಂದು ಮುಚ್ಚಿಬಿಟ್ಟೆ. ಮುಂದಿನ ದಿನಗಳಲ್ಲಿ ಅದು ಎರಡು ಸಲ ನೆನಪಾಯಿತು. ಎರಡು ಸಲವೂ ಬೇರೆ ಕೆಲಸವಿತ್ತು.

ಆಕೆ ಬೇಡ ಅಂದ ಲಾಟ್ ಹೋಗಿಬಿಟ್ಟಿತು. ಯಲಬುರ್ಗಾ ಕಡೆ ಬಿತ್ತಿದವರು ಬೀಜ ಮೊಳೆಯಲಿಲ್ಲವೆಂದು ದೂರು ಕೊಟ್ಟರು. ದೂರು ಹೆಡ್ಡಾಫೀಸು ಮುಟ್ಟಿ, ಅಲ್ಲಿಂದ ವಿಚಾರಣೆಗೆ ಒಬ್ಬ ಮೇಡಂ ಬರುವ ಹೊತ್ತಿಗೆ ಮೂರು ತಿಂಗಳು ದಾಟಿತ್ತು. ಅಂಥ ಮೇಲ್ ತಾನು ನೋಡೇ ಇಲ್ಲ ಎಂದರು ಮ್ಯಾನೇಜರು. ಆಕೆ, “ಕಾಕಾರಿಗೆ ಹೇಳೀನ್ರಿ, ಅವರ ಹತ್ರ ಐತಿ,” ಎಂದಳು. ಹುಡುಕಿದರು. ಯಾರ ಪೆಟ್ಟಿಗೆಯಲ್ಲೂ, ಸಂಗ್ರಹದಲ್ಲೂ ಇರಲಿಲ್ಲ. ಆಕೆಯನ್ನು ಹೊರಗೆ ಕೂರಿಸಿ ನನ್ನೊಬ್ಬನನ್ನೇ ಒಳಗೆ ಕರೆದರು.

ಮೇಡಂಗೆ ಕನ್ನಡ ಅರ್ಧ ಬರುತ್ತಿತ್ತು. “ಆ ಮೇಲ್ ಬಗ್ಗೆ ಆಕೆ ನಿಮಗೆ ಏನು ಹೇಳಿದಳು?” ಎಂದು ಕೇಳಿದರು.

“ತೆಗೀರಿ ಅಂದ್ಲ್ರಿ,” ಅಂದೆ.

“ತೆಗೀರಿ ಅಂದರೆ ಬೇಡ ಅಂತಾನಾ? ಅದಕ್ಕೇ ಗುರುತು ಹಾಕಲಿಲ್ಲವಾ?”

“ಹೂಂ ರಿ.”

ಅಷ್ಟೇ. ತೆಗೆದಿಡ್ರಿ ಎಂಬ ಮಾತಿನ ಕೊನೆಯ ಅರ್ಧವನ್ನು ನಾನು ನುಂಗಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಎದೆ ಹೊಡೆದುಕೊಳ್ಳಲಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು. ಮೇಡಂ ಬರೆದುಕೊಂಡರು. ಎಚ್ಚರಿಕೆ ಬರೆದಾಕೆಯೇ ಅದನ್ನು ತೆಗೆಯಲು ಹೇಳಿದಳು, ಕೆಟ್ಟ ಫಲಿತಾಂಶ ಮುಚ್ಚಿಟ್ಟಳು ಎಂದಾಯಿತು.

ಆ ವಾರವೇ ಆಕೆಗೆ ಬರಬೇಡ ಎಂದರು. ಊಟದ ಡಬ್ಬಿ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತಳು.

“ಸಿಗಲೇ ಇಲ್ಲೇನ್ರಿ ಕಾಕಾರ?”

“ಇಲ್ಲವ್ವ.”

“ಕಂಪ್ಯೂಟರ್ ನುಂಗಿತು ಬಿಡ್ರಿ. ನೀವರ ಏನ್ ಮಾಡ್ತೀರಿ.”

ನಾನು ಒಳಗೆ ಹೇಳಿದ್ದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ. ನಾನೂ ತಿಳಿಸಲಿಲ್ಲ.

ನಾಲ್ಕು ದಿನಕ್ಕೆ ವಿಚಾರಣೆಯ ವರದಿ ಮೇಲ್‌ನಲ್ಲಿ ಬಂತು, ತೆಗೆದಿಡಬೇಕೆಂಬ ಸೂಚನೆಯೊಂದಿಗೆ. ಗುರುತು ಹಾಕಿದೆ. ಮತ್ತೆ ಅದೇ ಪ್ರಶ್ನೆ ಬಂತು. ಈ ಸಲ ಗುಮಾಸ್ತನನ್ನು ಕರೆದೆ. ಅವನು ಬಗ್ಗಿ ನೋಡಿ, “ಜೋಡಿಸಿದ್ದನ್ನೂ ಸೇರಿಸಿ ಇಡಲೇನು ಅಂತ ಕೇಳತೈತ್ರಿ. ಹೂಂ ಅನ್ರಿ. ಇಷ್ಟಕ್ಕ ಕರದ್ರೇನು?” ಎಂದ. ಹೂಂ ಎಂದು ಒತ್ತಿದೆ. ನನ್ನ ಸುಳ್ಳು ಎಂಟು ವರ್ಷಕ್ಕೆ ಭದ್ರವಾಯಿತು.

ನಿವೃತ್ತಿಯಾದ ಮೇಲೆ ಗಂಗಾವತಿಗೆ ಹೋದಾಗ ಒಂದು ಗೊಬ್ಬರದ ಅಂಗಡಿಯಲ್ಲಿ ಆಕೆ ಚೀಟಿ ಬರೆಯುತ್ತ ಕೂತದ್ದನ್ನು ಕಂಡೆ. ಆಕೆಯೇ ಎದ್ದು ಕರೆದಳು. ಬೇರೆ ಬೀಜದ ಕಂಪನಿಗಳಿಗೆ ಅರ್ಜಿ ಹಾಕಿದಳಂತೆ. ಅವರು ಹಳೆಯ ಕಂಪನಿಯನ್ನು ವಿಚಾರಿಸುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲವಂತೆ. “ಯಾಕಂತ ತಿಳೀವಲ್ದು ನೋಡ್ರಿ,” ಎಂದಳು. ಅಂಗಡಿಯವನಿಗೆ, “ಇವರು ನಮ್ಮ ಕಾಕಾರು. ಒಂದು ಕಾಗದ ಕಳಕೊಂಡವರಲ್ಲ,” ಎಂದು ಹೇಳಿ ಚಹಾ ತರಿಸಿದಳು. ಕುಡಿದೆ. ಕೊಪ್ಪಳದ ಬಸ್ಸು ಹತ್ತಿ ಬಂದೆ.

ಸಂಗ್ರಹದಲ್ಲಿ ಇರುವುದನ್ನು ತಿದ್ದಲು ಬರುವುದಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಪತ್ರ ಸೇರಿಸಬಹುದು. ಈ ನಿಯಮ ನನಗೆ ಮೊದಲಿನಿಂದಲೂ ಗೊತ್ತಿತ್ತು. ಹೋದ ತಿಂಗಳು ಹೆಡ್ಡಾಫೀಸಿಗೆ ಬರೆದೆ. ಆಕೆ ತೆಗೀರಿ ಅನ್ನಲಿಲ್ಲ, ತೆಗೆದಿಡ್ರಿ ಅಂದಿದ್ದಳು, ಮರೆತದ್ದು ನಾನು, ಸುಳ್ಳು ಹೇಳಿದ್ದು ನಾನು, ವರದಿಗೆ ಇದನ್ನು ಸೇರಿಸಿ ಎಂದು. ಉತ್ತರ ಬಂದಿಲ್ಲ. ಗಂಗಾವತಿಗೆ ಹೋಗಿ ಆಕೆಯ ಎದುರು ಈ ಮಾತು ಹೇಳಲು ನನ್ನಿಂದ ಇನ್ನೂ ಆಗಿಲ್ಲ.

ಆ ಪತ್ರದಲ್ಲಿ ಆಕೆಯ ಪೂರ್ತಿ ಹೆಸರಿದೆ. ಇಲ್ಲಿಯೂ ಬರೆಯೋಣವೆಂದು ಮೊದಲ ಅಕ್ಷರ ಬರೆದೆ. ಆಕೆಯನ್ನು ಕೇಳಿಲ್ಲ ಎಂದು ನೆನಪಾಗಿ ಹೊಡೆದುಹಾಕಿದೆ.