ಭಾಲ್ಕಿಯ ಡೀಸೆಲ್, ನಾಸಿಕದ ದಾರಿ

ನಾಸಿಕಕ್ಕೆ ಬಂದ ಹೊಸದರಲ್ಲಿ ಪೆಟ್ರೋಲ್ ಪಂಪ್ ನೋಡಿಯೇ ಬೆಚ್ಚಿಬಿದ್ದೆ. ನನ್ನ ಗಾಡಿಯಷ್ಟೇ ದೊಡ್ಡ ಪಿಕಪ್‌ಗಳು ದ್ರಾಕ್ಷಿ ಹೇರಿಕೊಂಡು ಬರುತ್ತವೆ, ಆ ಭಾಡೆಗೆ, ಅಂದರೆ ಆ ಒಂದು ಬಾಡಿಗೆ ಟ್ರಿಪ್ಪಿಗೆ ಸಾಲುವಷ್ಟು ಡೀಸೆಲ್ ಹಾಕಿಸಿಕೊಂಡು ಹೊರಟುಬಿಡುತ್ತವೆ. ಟಾಕಿ ತುಂಬಿಸುವವರೇ ಇಲ್ಲ! ನಮ್ಮ ಭಾಲ್ಕಿಯಲ್ಲಿ ಅರ್ಧ ಟಾಕಿಯಲ್ಲಿ ದೂರದ ದಾರಿ ಹಿಡಿದವನಿಗೆ ಹಿರಿಯರಿಂದ ಬೈಗುಳ ತಪ್ಪದು.

ನಾನು ಊರಿನಿಂದ ತೊಗರಿಬೇಳೆ ತರುವವನು. ಬರುವಾಗ ಊರ ಪಂಪಿನಲ್ಲೇ ಕಂಠಮಟ್ಟ ತುಂಬಿಸುತ್ತಿದ್ದೆ. ಇಲ್ಲಿನ ಡೀಸೆಲ್ ಮೇಲೆ ನಂಬಿಕೆಯಿಲ್ಲ; ಔಷಧದ ಹಾಗೆ, ತೀರಾ ಬೇಕಾದಾಗ ಒಂದಿಷ್ಟು ಹಾಕಿಸುತ್ತಿದ್ದೆ.

"ಡೀಸಲ್‌ಗೂ ತವರುಮನಿ ಅದ ಏನ್ರಿ?" ಎಂದು ಹೆಂಡತಿ ಕಾವೇರಿ ನಗುತ್ತಿದ್ದಳು. ನಗಲಿ ಬಿಡು ಎಂದುಕೊಂಡಿದ್ದೆ.

ಈ ಬೇಸಿಗೆಯಲ್ಲಿ ಮಗಳು ಅಕ್ಷತಾಗೆ ಸಂಭಾಜಿನಗರದಲ್ಲಿ ಪ್ರವೇಶ ಪರೀಕ್ಷೆ. ಗೇಟು ಮುಚ್ಚಿದ ಮೇಲೆ ಬ್ರಹ್ಮ ಬಂದರೂ ತೆಗೆಯುವುದಿಲ್ಲ. ನನಗೂ ಅಲ್ಲಿಗೇ ದಿಂಡೋರಿಯ ದ್ರಾಕ್ಷಿ ಮುಟ್ಟಿಸುವುದಿತ್ತು. ಬೆಳಿಗ್ಗೆ ಇಬ್ಬರೂ ಪಿಕಪ್‌ನಲ್ಲೇ ಹೊರಟೆವು. ಯೇವಲಾ ದಾಟುವಾಗ ಡೀಸೆಲ್ ಮುಳ್ಳು ತಳ ಹಿಡಿದಿತ್ತು.

"ಪಪ್ಪಾ, ಪಂಪ್ ಆಲಾ," ಪಂಪ್ ಬಂತು ಎಂದಳು ಅಕ್ಷತಾ. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ.

"ವೈಜಾಪುರ ತನಕ ಆರಾಮ ಹೋಗ್ತದ. ನೀ ಸುಮ್ಮ ಓದು."

ನನ್ನ ಗಾಡಿಯ ಓಟ ನನಗೆ ಗೊತ್ತಿಲ್ಲವೇ ಎಂಬ ಜಂಬ. ಆದರೆ ಅಂದು ಹೇರು ಜಾಸ್ತಿ, ದಾರಿಯುದ್ದಕ್ಕೂ ರಸ್ತೆ ಕೆಲಸ. ವೈಜಾಪುರ ಇನ್ನೂ ದೂರವಿರುವಾಗಲೇ ಗಾಡಿ ಕೆಮ್ಮಿತು, ನಿಂತಿತು. ಡೀಸೆಲ್ ಗಾಡಿ ಪೂರ್ತಿ ಬರಿದಾದರೆ ಪೈಪಿಗೆ ಗಾಳಿ ಹೊಗುತ್ತದೆ. ಡೀಸೆಲ್ ತಂದು ಸುರಿದರೂ ಕೂಡಲೇ ಚಾಲೂ ಆಗದು. ಅಕ್ಷತಾ ಬೈಯಲಿಲ್ಲ, ಗಡಿಯಾರವನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಅಡ್ಡ ನಿಂತು ಕೈ ಮಾಡಿದೆ. ಈರುಳ್ಳಿ ಹೇರಿದ ಪಿಕಪ್ ಒಂದು ನಿಂತಿತು. ಒಳಗೆ ಸಂಭಾಜಿನಗರಕ್ಕೆ ಹೊರಟ ಗಂಡ ಹೆಂಡತಿ; ಇವಳನ್ನು ಪರೀಕ್ಷೆಗೆ ಮುಟ್ಟಿಸಿ ಎಂದು ಹರುಕು ಮರಾಠಿಯಲ್ಲಿ ಕೇಳಿಕೊಂಡೆ.

"ಗಾವ್ ಕುಠಲಂ?" ಯಾವ ಊರು ಎಂದು ಆ ಹೆಂಗಸು ಕೇಳಿದಳು.

"ಭಾಲ್ಕಿ," ಎಂದೆ ನಾನು. ಅದೇ ಉಸಿರಿಗೆ ಮಗಳು, "ನಾಶಿಕ್," ಎಂದಳು.

ಹೆಂಗಸಿನ ಮುಖ ಬಿಗಿಯಿತು. ನಡುದಾರಿಯಲ್ಲಿ ಎಳೆಯ ಹುಡುಗಿ, ಮರಾಠಿ ತೊದಲುವ ಗಂಡಸು, ಊರು ಮಾತ್ರ ಬೇರೆ ಬೇರೆ. ಕೆಳಗಿಳಿದು ಮಗಳ ಕೈ ಹಿಡಿದು, ನನ್ನಿಂದ ದೂರ ಎಳೆದು, "ಇವನು ನಿನಗೇನಾಗಬೇಕು?" ಎಂದು ಮರಾಠಿಯಲ್ಲೇ ವಿಚಾರಿಸಿದಳು. ಜನ ಸೇರಿದರೆ ನನ್ನ ಗತಿಯೇನು? ಗೇಟಿನ ಗತಿಯೇನು?

"ಮಾಝೇ ಪಪ್ಪಾ," ಎಂದ ಅಕ್ಷತಾ ನನ್ನತ್ತ ತಿರುಗಿ, ತಡವರಿಸುತ್ತಾ ಕನ್ನಡದಲ್ಲಿ ಹೇಳಿದಳು: "ಪಪ್ಪಾ, ನೀ ಅಂಜಬ್ಯಾಡ. ನಾ ಹೋಗ್ತೀನಿ."

ಹೆಂಗಸು ನಮ್ಮಿಬ್ಬರ ಮುಖ ನೋಡಿದಳು. ನನ್ನ ಫೋನ್ ನಂಬರ್ ತೆಗೆದುಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದಳು.

ವೈಜಾಪುರದ ಮೆಕ್ಯಾನಿಕ್ ಬಂದು ಗಾಳಿ ತೆಗೆಯುತ್ತಿದ್ದಾಗ ಆ ಹೆಂಗಸಿನ ಫೋನ್ ಬಂತು. ಹುಡುಗಿ ಒಳಗೆ ಹೋದಳು, ಅವಳ ಹಿಂದೆಯೇ ಗೇಟು ಮುಚ್ಚಿದರು ಎಂದಳು ಆಕೆ. ಪರೀಕ್ಷೆ ಮುಗಿಯುವವರೆಗೆ ತಾನು ಅಲ್ಲೇ ಇರುತ್ತೇನೆ, ಅವಸರ ಮಾಡಬೇಡಿ ಎಂದೂ ಹೇಳಿದಳು.

"ನಿಮಗ್ಯಾಕ ತ್ರಾಸು ತಾಯಿ," ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟೆ. ಅವಳಿಗೆ ಏನು ತಿಳಿಯಿತೋ, "ಆಪಲೀಚ್ ಪೋರ್ ಆಹೆ," ಎಂದಳು. ನಮ್ಮದೇ ಹುಡುಗಿ.

ಕಣ್ಣು ತುಂಬಿ ಬಂತು, ಹೊಟ್ಟೆಯೂ ಉರಿಯಿತು. ಆಕೆ ಹೇಳಿದ್ದು ಸುಳ್ಳೂ ಅಲ್ಲ, ಊರು ಕೇಳಿದಾಗ ಮಗಳೇ ನಾಶಿಕ್ ಎಂದಿದ್ದಳಲ್ಲ.